ಹೆಸರಿಗೆ ಓಗೊಡಲಿಲ್ಲವೆಂದರೆ ಮನೆಯೇ ಇಲ್ಲವೆಂದಲ್ಲ

ಹತ್ತನೆಯ ತರಗತಿಯ ಪರೀಕ್ಷೆಗೆ ಎರಡು ವಾರಗಳಷ್ಟೇ ಉಳಿದಿದ್ದವು. ಒಂದು ರಾತ್ರಿ ಮಗಳು ಗಾಬರಿಯಿಂದ ಬಂದು, “ಅಪ್ಪಾ, ಭಂಡಾರ ಕಾಣುತ್ತಿಲ್ಲ. ನನ್ನ ಟಿಪ್ಪಣಿಗಳೆಲ್ಲ ಹೋದವು” ಎಂದಳು.

ಭಂಡಾರವೆಂಬುದು ನಮ್ಮ ಮನೆಯ ಹಳೆಯ ಕಂಪ್ಯೂಟರಿಗೆ ನಾವಿಟ್ಟ ಹೆಸರು. ಗಡಿಯ ಈಚೆ ಕನ್ನಡ ಮಾಧ್ಯಮದಲ್ಲಿ ಕಲಿಯುವ ಮಕ್ಕಳಿಗೆ ಪೂರಕ ಪುಸ್ತಕಗಳು ಎಷ್ಟು ದುರ್ಲಭವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಅಧ್ಯಾಪಕರ ಕೈಬರಹದ ಟಿಪ್ಪಣಿಗಳನ್ನೂ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಅವಳು ಮೂರು ವರ್ಷಗಳಿಂದ ಸ್ಕ್ಯಾನ್ ಮಾಡಿ ಅದರಲ್ಲಿ ಕೂಡಿಟ್ಟಿದ್ದಳು. ಪರದೆ ಕೆಟ್ಟುಹೋಗಿದ್ದ ಆ ಯಂತ್ರ ತಂತಿಯ ಮೂಲಕ ರೌಟರಿಗೆ ಜೋಡಿಸಲ್ಪಟ್ಟು ಮೂಲೆಯಲ್ಲಿತ್ತು. ಮಗಳು ಲ್ಯಾಪ್‌ಟಾಪಿನಲ್ಲಿ ಅದರ ಹೆಸರು ಟೈಪಿಸಿ ಕಡತಗಳನ್ನು ತೆರೆಯುತ್ತಿದ್ದಳು.

ದುರಸ್ತಿಯವರಿಗೆ ಫೋನು ಮಾಡಿದೆ. “ಡಿಸ್ಕ್ ಕೆಟ್ಟಿರಬೇಕು. ತಂದುಕೊಡಿ, ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಡೋಣ” ಎಂದರು. ಆಗಲಿ ಎನ್ನುವವನಿದ್ದೆ. ಅಷ್ಟರಲ್ಲಿ ನನ್ನ ವೃತ್ತಿಯ ಅಭ್ಯಾಸವೊಂದು ತಡೆಯಿತು. ಸಮನ್ಸ್ ಜಾರಿಯಾಗದೆ ಮರಳಿತೆಂದರೆ ಪ್ರತಿವಾದಿ ಬದುಕಿಲ್ಲವೆಂದು ನಾವು ತೀರ್ಮಾನಿಸುವುದಿಲ್ಲ. ಕೊಟ್ಟ ವಿಳಾಸ ಸರಿಯೇ ಎಂದು ಮೊದಲು ನೋಡುತ್ತೇವೆ.

ಕಂಪ್ಯೂಟರುಗಳು ಪರಸ್ಪರ ಗುರುತಿಸುವುದು ಸಂಖ್ಯೆಯಿಂದ. ಹೆಸರು ನಮ್ಮ ಅನುಕೂಲಕ್ಕೆ ಮಾತ್ರ. ಅಂತರಜಾಲದ ಆರಂಭದ ದಿನಗಳಲ್ಲಿ ಎಲ್ಲ ಯಂತ್ರಗಳ ಹೆಸರು ಮತ್ತು ಸಂಖ್ಯೆ ಒಂದೇ ಕಡತದಲ್ಲಿದ್ದವು; ಅದನ್ನು ಅಮೆರಿಕದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ನಿರ್ವಹಿಸುತ್ತಿತ್ತು. ಪಟ್ಟಿ ಬೆಳೆದು ಅಸಾಧ್ಯವಾದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಆದರೆ ಆ ಹಳೆಯ ಪಟ್ಟಿಯ ಕುರುಹು ‘ಹೋಸ್ಟ್ಸ್’ ಎಂಬ ಸಣ್ಣ ಕಡತವಾಗಿ ಇಂದಿಗೂ ವಿಂಡೋಸಿನಲ್ಲಿಯೂ ಮಕ್ಕಳು ಶಾಲೆಯಲ್ಲಿ ಬಳಸುವ ಲಿನಕ್ಸಿನಲ್ಲಿಯೂ ಉಳಿದಿದೆ. ಸಾಮಾನ್ಯವಾಗಿ ಯಂತ್ರವು ಹೊರಗೆ ವಿಚಾರಿಸುವ ಮೊದಲು ಇದನ್ನೇ ನೋಡುತ್ತದೆ.

ನಾನು ಮೊದಲು ರೌಟರಿನ ಪುಟವನ್ನು ತೆರೆದು, ಜೋಡಣೆಗೊಂಡ ಸಾಧನಗಳ ಪಟ್ಟಿಯನ್ನು ನೋಡಿದೆ. ಭಂಡಾರ ಅಲ್ಲಿಯೇ ಇತ್ತು, ಸಂಖ್ಯೆ 192.168.0.14. ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟಿನಲ್ಲಿ ಆ ಸಂಖ್ಯೆಗೆ ‘ಪಿಂಗ್’ ಮಾಡಿದಾಗ ತಕ್ಷಣ ಉತ್ತರ ಬಂತು. ಹೆಸರಿಗೆ ಪಿಂಗ್ ಮಾಡಿದಾಗ ಮಾತ್ರ ಅದು 192.168.1.10 ಎಂಬ ಬೇರೊಂದು ಸಂಖ್ಯೆಯನ್ನು ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಮರಳಿತು. ಯಂತ್ರಕ್ಕೆ ಏನೂ ಆಗಿರಲಿಲ್ಲ, ದಾರಿಯೂ ತೆರೆದಿತ್ತು, ತಪ್ಪಿದ್ದುದು ವಿಳಾಸ.

ಆ ತಪ್ಪು ವಿಳಾಸವನ್ನು ಬರೆದವನು ನಾನೇ! ಹಿಂದೊಮ್ಮೆ ಹೆಸರು ಸಿಗದಿದ್ದಾಗ ಲ್ಯಾಪ್‌ಟಾಪಿನ ಹೋಸ್ಟ್ಸ್ ಕಡತದಲ್ಲಿ ಒಂದು ಸಾಲು ಸೇರಿಸಿ ಮರೆತುಬಿಟ್ಟಿದ್ದೆ. ಹಿಂದಿನ ದಿನವಷ್ಟೇ ಹೊಸ ರೌಟರು ಬಂದಿತ್ತು. ಅದು ಭಂಡಾರಕ್ಕೆ ಹೊಸ ಸಂಖ್ಯೆ ಕೊಟ್ಟಿತು, ಹಳೆಯ ಸಾಲು ಹಾಗೆಯೇ ಉಳಿಯಿತು. ಆ ಸಾಲನ್ನು ಅಳಿಸಿ, ರೌಟರಿನಲ್ಲಿ ಭಂಡಾರಕ್ಕೆ ಹೊಸ ಸಂಖ್ಯೆಯನ್ನು ಕಾಯ್ದಿರಿಸಿದೆ. ಹತ್ತು ನಿಮಿಷಗಳಲ್ಲಿ ಟಿಪ್ಪಣಿಗಳು ಮಗಳ ಮುಂದಿದ್ದವು.

ನಿಮ್ಮ ಮನೆಯ ಪ್ರಿಂಟರೋ ಕಂಪ್ಯೂಟರೋ ಹೀಗೆ ಮರೆಯಾದರೆ ಇದೇ ಕ್ರಮವನ್ನು ಅನುಸರಿಸಿ. ಮೊದಲು ಸಂಖ್ಯೆಯಿಂದ ಕರೆಯಿರಿ. ಓಗೊಟ್ಟರೆ ದೋಷ ಹೆಸರಿನದು; ಆ ಹೆಸರು ಯಾವ ಸಂಖ್ಯೆಗೆ ಹೋಗುತ್ತಿದೆಯೆಂದು ನೋಡಿ. ಸಂಖ್ಯೆಗೂ ಓಗೊಡದಿದ್ದರೆ ಎರಡೂ ಸಾಧನಗಳು ಒಂದೇ ವೈಫೈಯಲ್ಲಿವೆಯೇ ಎಂದು ಪರೀಕ್ಷಿಸಿ. ಅತಿಥಿಗಳಿಗಾಗಿ ಇರುವ ‘ಗೆಸ್ಟ್’ ವೈಫೈಗೆ ಸೇರಿದ ಸಾಧನಕ್ಕೆ ಸಾಮಾನ್ಯವಾಗಿ ಮನೆಯ ಉಳಿದ ಸಾಧನಗಳು ಕಾಣುವುದಿಲ್ಲ. ಪಿಂಗ್‌ಗೆ ಉತ್ತರ ಬಾರದ ಮಾತ್ರಕ್ಕೆ ಯಂತ್ರ ಸತ್ತಿತೆಂದೂ ತಿಳಿಯಬೇಡಿ. ಅದರ ಫೈರ್‌ವಾಲ್ ಮೌನವಾಗಿರಲು ಹೇಳಿರಬಹುದು.

ಮುಖ್ಯವಾದುದು ಇನ್ನೊಂದು. “ಎಲ್ಲವನ್ನೂ ಅಳಿಸೋಣ” ಎಂದು ಯಾರಾದರೂ ಹೇಳಿದಾಗ, ಸಂಖ್ಯೆಯಿಂದ ಕರೆದು ನೋಡಿದಿರಾ ಎಂದು ಕೇಳದೆ ಒಪ್ಪಿಗೆ ಕೊಡಬೇಡಿ. ಅಳಿಸಿದ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ. ಮಕ್ಕಳ ಟಿಪ್ಪಣಿಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇಡುವುದನ್ನೂ ಮರೆಯದಿರಿ. ನಾನು ಆ ರಾತ್ರಿಯೇ ಮಾಡಿದ ಎರಡನೆಯ ಕೆಲಸ ಅದು.