ಔಷಧದ ಬೆಲೆಯೂ ವ್ಯಾಪಾರದ ಒಪ್ಪಂದವೂ

ಆರೋಗ್ಯವೇ ಭಾಗ್ಯ ಎಂಬ ಮಾತನ್ನು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಆದರೆ ಆ ಭಾಗ್ಯವು ವೈದ್ಯರ ಕೈಯಲ್ಲಿ ಮಾತ್ರ ಇಲ್ಲ. ದೇಶದೇಶಗಳ ಸರಕಾರಗಳು ರುಜು ಹಾಕುವ ವ್ಯಾಪಾರ ಒಪ್ಪಂದಗಳಲ್ಲಿಯೂ ಇದೆ. ಇದನ್ನು ವಿದ್ಯಾರ್ಥಿಗಳೂ ಹೆತ್ತವರೂ ತಿಳಿದಿರುವುದು ಅಗತ್ಯ.

1970ರ ನಮ್ಮ ಪೇಟೆಂಟ್ ಕಾಯಿದೆಯು ಔಷಧವೆಂಬ ವಸ್ತುವಿಗೆ ಏಕಸ್ವಾಮ್ಯವನ್ನು ಕೊಟ್ಟಿರಲಿಲ್ಲ. ಅದನ್ನು ತಯಾರಿಸುವ ಕ್ರಮಕ್ಕೆ ಮಾತ್ರ ಕೊಟ್ಟಿತ್ತು. ಬೇರೊಂದು ಕ್ರಮದಿಂದ ಅದೇ ಔಷಧವನ್ನು ತಯಾರಿಸಲು ನಮ್ಮ ಕಂಪೆನಿಗಳಿಗೆ ಅಡ್ಡಿಯಿರಲಿಲ್ಲ. ಸ್ಪರ್ಧೆ ಬೆಳೆಯಿತು, ಬೆಲೆ ಇಳಿಯಿತು. 1995ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆ ಸ್ಥಾಪನೆಯಾಯಿತು. ಅದರ ‘ಟ್ರಿಪ್ಸ್’ ಒಪ್ಪಂದದಂತೆ ಭಾರತವು 2005ರಿಂದ ಔಷಧಗಳಿಗೂ 20 ವರ್ಷಗಳ ಪೇಟೆಂಟ್ ಕೊಡಬೇಕಾಯಿತು.

ಹೊಸ ಔಷಧವನ್ನು ಕಂಡುಹಿಡಿದವರ ಶ್ರಮಕ್ಕೆ ಪ್ರತಿಫಲ ಬೇಡವೇ ಎಂದು ಕೆಲವರು ಕೇಳಬಹುದು. ಖಂಡಿತವಾಗಿಯೂ ಬೇಕು. ಪ್ರತಿಫಲವಿಲ್ಲದಿದ್ದರೆ ಸಂಶೋಧನೆಗೆ ಹಣ ಹೂಡುವವರು ಯಾರು? ಆದರೆ ಪ್ರತಿಫಲಕ್ಕೂ ಒಂದು ಮಿತಿ ಇರಬೇಕಲ್ಲವೇ? ನೆಕ್ಸಾವರ್ ಎಂಬ ಕ್ಯಾನ್ಸರ್ ಔಷಧಕ್ಕೆ ತಿಂಗಳೊಂದಕ್ಕೆ ಸುಮಾರು 2,80,000 ರೂಪಾಯಿ ಬೆಲೆಯಿತ್ತು. ಕೂಲಿ ಮಾಡಿ ಬದುಕುವವರ ಮಾತಿರಲಿ, ಸಂಬಳದವರಿಗೂ ಅದು ನಿಲುಕದ ಹಣ. 2012ರಲ್ಲಿ ನಮ್ಮ ಪೇಟೆಂಟ್ ಅಧಿಕಾರಿಯು ಹೈದರಾಬಾದಿನ ನ್ಯಾಟ್ಕೊ ಕಂಪೆನಿಗೆ ಅದನ್ನು ತಯಾರಿಸಲು ಕಡ್ಡಾಯ ಪರವಾನಿಗೆ ಕೊಟ್ಟರು. ತಿಂಗಳ ಬೆಲೆ 8,880 ರೂಪಾಯಿಗೆ ಇಳಿಯಿತು. ಮೂಲ ಕಂಪೆನಿಗೆ ಮಾರಾಟದ ಮೇಲೆ ನೂರಕ್ಕೆ 6ರಂತೆ ರಾಯಧನವನ್ನೂ ಗೊತ್ತುಪಡಿಸಲಾಯಿತು. ಮರುವರ್ಷ, 2013ರಲ್ಲಿ, ಗ್ಲಿವೆಕ್ ಎಂಬ ಔಷಧದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಗುಣದಲ್ಲಿ ಹೆಚ್ಚಳವಿಲ್ಲದೆ ಹಳೆಯ ಔಷಧದ ರೂಪವನ್ನಷ್ಟೇ ಬದಲಿಸಿದರೆ ಹೊಸ ಪೇಟೆಂಟ್ ಸಿಗದೆಂಬ ನಮ್ಮ ಕಾಯಿದೆಯ 3(ಡಿ) ವಿಧಿಯನ್ನೇ ಅದು ಆಧರಿಸಿತ್ತು.

ಇವೆರಡೂ ಒಪ್ಪಂದವನ್ನು ಮುರಿದು ಮಾಡಿದ ಕೆಲಸಗಳಲ್ಲ ಎಂಬುದನ್ನು ಗಮನಿಸಬೇಕು. ಟ್ರಿಪ್ಸ್ ಒಪ್ಪಂದದಲ್ಲಿಯೇ ಇಂಥ ಅವಕಾಶಗಳಿವೆ. ಜನರ ಆರೋಗ್ಯ ರಕ್ಷಣೆಗಾಗಿ ಸರಕಾರಗಳು ಅವನ್ನು ಬಳಸಬಹುದೆಂದು 2001ರಲ್ಲಿ ದೋಹಾ ನಗರದಲ್ಲಿ ಸೇರಿದ ಸದಸ್ಯರಾಷ್ಟ್ರಗಳೇ ಘೋಷಿಸಿದವು.

ಅಪಾಯವಿರುವುದು ಮುಂದಿನ ಒಪ್ಪಂದಗಳಲ್ಲಿ. ಮೊದಲ ಕಂಪೆನಿ ನಡೆಸಿದ ಪರೀಕ್ಷೆಗಳ ಆಧಾರದ ಮೇಲೆ ಇತರರ ಅಗ್ಗದ ಔಷಧಕ್ಕೆ ಕೆಲವು ವರ್ಷ ಅನುಮತಿ ಕೊಡಬಾರದು, ಪೇಟೆಂಟಿನ ಅವಧಿಯನ್ನು ಹೆಚ್ಚಿಸಬೇಕು ಎಂಬ ಬೇಡಿಕೆಗಳನ್ನು ಶ್ರೀಮಂತ ರಾಷ್ಟ್ರಗಳು ವ್ಯಾಪಾರ ಮಾತುಕತೆಗಳಲ್ಲಿ ಮುಂದಿಡುತ್ತ ಬಂದಿವೆ. ಬಟ್ಟೆಯ ರಫ್ತು ಹೆಚ್ಚುವುದೆಂದು ಇಂಥ ಷರತ್ತಿಗೆ ಒಪ್ಪಿದರೆ, ಲಾಭ ಒಬ್ಬರಿಗೆ, ಕಷ್ಟ ರೋಗಿಗೆ. ಆದುದರಿಂದ ವ್ಯಾಪಾರ ಬೇಡವೆಂದು ನಾನು ಹೇಳುತ್ತಿಲ್ಲ. ಆರೋಗ್ಯವನ್ನು ಚೌಕಾಸಿಯ ವಸ್ತುವನ್ನಾಗಿ ಮಾಡಬಾರದು. ರುಜು ಹಾಕುವ ಮೊದಲು ಕರಡನ್ನು ಜನರ ಮುಂದಿಟ್ಟು ಚರ್ಚಿಸಬೇಕು ಎಂಬುದಷ್ಟೇ ನನ್ನ ಅಭಿಪ್ರಾಯ.

ಓದಿ ನೋಡದೆ ಕರಾರುಪತ್ರಕ್ಕೆ ರುಜು ಹಾಕಬೇಡವೆಂದು ಮನೆಯ ಹಿರಿಯರು ಹೇಳುವುದುಂಟು. ದೇಶಕ್ಕೂ ಆ ಬುದ್ಧಿಮಾತು ಸಲ್ಲುತ್ತದೆ. ಮಕ್ಕಳೇ, ಪತ್ರಿಕೆಯಲ್ಲಿ ‘ವ್ಯಾಪಾರ ಒಪ್ಪಂದ’ ಎಂಬ ಶೀರ್ಷಿಕೆ ಕಂಡರೆ ಪುಟ ಮಗುಚಬೇಡಿ. ಅದರಲ್ಲಿ ಔಷಧದ ಮಾತೇನಿದೆ ಎಂದು ಹುಡುಕಿ ಓದಿರಿ, ಮನೆಯವರಿಗೂ ಓದಿ ಹೇಳಿರಿ.