ಕಾರ್ಡ್ ನಮ್ಮದು, ಕಂಪ್ಯೂಟರ್ ಆಯ್ಕೆಯೂ ನಮ್ಮದಾಗಲಿ

ನಮ್ಮ ಗುರುತು ಅಥವಾ ಸಹಿ ಇರುವ ಚಿಪ್ ಬಳಸಬೇಕಾದರೆ ಇಂಥದ್ದೇ ಕಂಪನಿಯ ಆಪರೇಟಿಂಗ್ ಸಿಸ್ಟಂ ಕೊಳ್ಳಬೇಕು ಎಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಆದರೆ ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ಡಿಜಿಟಲ್ ಸಹಿ ಹಾಕಬೇಕಾದವರನ್ನು ಕೇಳಿ ನೋಡಿ. ‘ವಿಂಡೋಸ್ ಇರೋ ಸಿಸ್ಟಂ ಎಲ್ಲಿದೆ?’ ಎಂದು ಹುಡುಕುವುದೇ ಅವರ ಮೊದಲ ಕೆಲಸ. ಕಾನೂನಿನಲ್ಲಿ ಇಲ್ಲದ ಷರತ್ತು ಡ್ರೈವರ್ ಸಿ.ಡಿ.ಯೊಳಗೆ ಸೇರಿಕೊಂಡಿದೆ. ಬಿಇ ಓದುತ್ತಾ ಉಬುಂಟು ಲಿನಕ್ಸ್ ಬಳಸುವ ನನಗೆ ಇದು ಬರೀ ತಾಂತ್ರಿಕ ತಕರಾರು ಅನ್ನಿಸುತ್ತಿಲ್ಲ. ಇದು ನಮ್ಮ ಸಹಿ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ.

ಮೊದಲು ಒಂದು ವಿಷಯ ಸ್ಪಷ್ಟಪಡಿಸಿಕೊಳ್ಳೋಣ. ಆಧಾರ್ ಎಂದರೆ ಹನ್ನೆರಡು ಅಂಕಿಗಳ ಸಂಖ್ಯೆ, ಅದು ಸ್ಮಾರ್ಟ್ ಕಾರ್ಡ್ ಅಲ್ಲ. 2020ರಲ್ಲಿ ಬಂದ ಪಿವಿಸಿ ಆಧಾರ್ ಕಾರ್ಡ್‌ನಲ್ಲೂ ಚಿಪ್ ಇಲ್ಲ, ಕ್ಯೂಆರ್ ಕೋಡ್ ಇದೆ. ಬೇರೆ ಕೆಲವು ದೇಶಗಳಲ್ಲಿ ಗುರುತಿನ ಚೀಟಿಯ ಚಿಪ್ ಮಾಡುವ ಸಹಿಯ ಕೆಲಸವನ್ನು ನಮ್ಮಲ್ಲಿ ಮಾಡುವುದು ಪೆನ್‌ಡ್ರೈವ್‌ನಂತೆ ಕಾಣುವ ಡಿಎಸ್‌ಸಿ ಟೋಕನ್. ಅದರ ಹೊಟ್ಟೆಯಲ್ಲಿರುವುದೂ ಸ್ಮಾರ್ಟ್ ಕಾರ್ಡ್ ಚಿಪ್ಪೇ. ಸಹಿಯ ರಹಸ್ಯ ಕೀ ಆ ಚಿಪ್‌ನಲ್ಲೇ ಇರುತ್ತದೆ, ಹೊರಗೆ ಬರುವುದಿಲ್ಲ. ಕಂಪ್ಯೂಟರ್ ದಾಖಲೆಯ ಸಾರವನ್ನು ಒಳಗೆ ಕಳಿಸುತ್ತದೆ, ನಾವು ಪಿನ್ ಒತ್ತುತ್ತೇವೆ, ಚಿಪ್ ಸಹಿ ಮಾಡಿ ಹಿಂತಿರುಗಿಸುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಈ ಸಹಿಗೆ ಕೈಬರಹದ ಸಹಿಯಷ್ಟೇ ಬೆಲೆ. ಟೆಂಡರ್ ಹಾಕುವ ಗುತ್ತಿಗೆದಾರರು, ಲೆಕ್ಕಪರಿಶೋಧಕರು, ಕಂಪನಿ ನಿರ್ದೇಶಕರು, ಸರ್ಕಾರಿ ಅಧಿಕಾರಿಗಳು ಹೀಗೆ ಬಹಳ ಜನರ ಕೆಲಸ ಇದರ ಮೇಲೆ ನಿಂತಿದೆ.

ಅಜ್ಜಂಪುರದಲ್ಲಿರುವ ನನ್ನ ಸೋದರಮಾವ ಚರಂಡಿ, ಸಿ.ಸಿ. ರಸ್ತೆಯಂಥ ಸಣ್ಣ ಕಾಮಗಾರಿ ಹಿಡಿಯುವವರು. ಅವರ ಟೋಕನ್ ಅನ್ನು ನನ್ನ ಲ್ಯಾಪ್‌ಟಾಪ್‌ಗೆ ಹಾಕಿದಾಗ ಲಿನಕ್ಸ್ ಅದನ್ನು ತಕ್ಷಣ ಗುರುತು ಹಿಡಿಯಿತು. ಆದರೆ ಸಹಿ ಹಾಕುವ ತಂತ್ರಾಂಶ ಮಾತ್ರ ‘ಡಾಟ್ ಇಎಕ್ಸ್‌ಇ’ ಫೈಲ್ ಆಗಿತ್ತು. ಟೋಕನ್ ಮಾರಿದವರಿಗೆ ಫೋನ್ ಮಾಡಿದರೆ, ‘ಲಿನಕ್ಸ್‌ಗೆಲ್ಲ ನಾವು ಸಪೋರ್ಟ್ ಕೊಡಲ್ಲ’ ಅಂದರು. ಮಾವ ಗಡಿಯಾರ ನೋಡಿದರು. ‘ನಾಳೆ ಟೆಂಡರ್ ಕ್ಲೋಸ್ ಆಗುತ್ತೆ ಕಣೋ, ಕಡೂರಿಗೆ ಹೋಗಿ ಸೆಂಟರ್‌ನಲ್ಲೇ ಮಾಡಿಸ್ತೀನಿ ಬಿಡು’ ಎಂದು ಎದ್ದೇಬಿಟ್ಟರು.

ಆ ಸೆಂಟರ್‌ನಲ್ಲಿ ನಡೆಯುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಡ್ರಾಯರ್‌ನಲ್ಲಿ ಹತ್ತಾರು ಜನರ ಟೋಕನ್‌ಗಳಿದ್ದವು. ಕೆಲವಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಹೆಸರು ಮತ್ತು ಪಿನ್ ಬರೆದ ಚೀಟಿ ಸಿಕ್ಕಿಸಿತ್ತು. ಸೆಂಟರ್ ನಡೆಸುವವರು ಒಳ್ಳೆಯವರೇ ಇರಬಹುದು. ಆದರೆ ಟೋಕನ್ ಮತ್ತು ಪಿನ್ ಎರಡೂ ಒಂದೇ ಕಡೆ ಇದ್ದರೆ, ಖಾಲಿ ಬಾಂಡ್ ಪೇಪರ್ ಮೇಲೆ ಸಹಿ ಹಾಕಿ ಊರವರ ಕೈಗೆ ಕೊಟ್ಟಂತೆಯೇ. ಕೀ ಚಿಪ್‌ನಿಂದ ಹೊರಗೆ ಬರಬಾರದೆಂದು ಅಷ್ಟು ಕಟ್ಟುನಿಟ್ಟಿನ ಭದ್ರತೆ ಮಾಡಿ, ಕೊನೆಗೆ ಚಿಪ್ಪನ್ನೇ ಇನ್ನೊಬ್ಬರ ಡ್ರಾಯರ್‌ನಲ್ಲಿ ಇಡಿಸಿದರೆ ಏನು ಬಂತು? ಇದಕ್ಕೆ ತಿಳಿವಳಿಕೆಯ ಕೊರತೆ ಒಂದು ಕಾರಣ. ಮನೆಯಲ್ಲಿರುವ ಕಂಪ್ಯೂಟರ್‌ನಲ್ಲಿ ಟೋಕನ್ ಕೆಲಸ ಮಾಡದಿರುವುದು ಇನ್ನೊಂದು ಕಾರಣ. ಎರಡನೆಯದನ್ನು ಸರ್ಕಾರ ಸರಿಪಡಿಸಬಹುದು.

ಹಾಗಾದರೆ ಬೀಗ ಇರುವುದು ಎಲ್ಲಿ? ಚಿಪ್‌ನಲ್ಲಂತೂ ಅಲ್ಲ. ಸ್ಮಾರ್ಟ್ ಕಾರ್ಡ್‌ಗಳಿಗೆ ಐಎಸ್‌ಒ 7816 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ತಂತ್ರಾಂಶಗಳು ಟೋಕನ್ ಜೊತೆ ಮಾತಾಡಲು ಪಿಕೆಸಿಎಸ್ 11 ಎಂಬ ಮುಕ್ತ ವಿಧಾನವಿದೆ. ಲಿನಕ್ಸ್‌ನಲ್ಲಿ ಓಪನ್‌ಎಸ್‌ಸಿ ಎಂಬ ಮುಕ್ತ ತಂತ್ರಾಂಶ ಬಹಳ ಕಾಲದಿಂದ ಈ ಕೆಲಸ ಮಾಡುತ್ತಿದೆ. ಭಾರತದಲ್ಲಿ ಬಳಕೆಯಲ್ಲಿರುವ ಇಪಾಸ್ 2003 ಟೋಕನ್ನಿನ ಡ್ರೈವರ್ ಕೂಡ ಅದರಲ್ಲಿದೆ. ತೊಡಕು ಬರುವುದು ನಡುವಿನ ಪದರದಲ್ಲಿ. ಕಂಪನಿ ತನ್ನ ಸ್ವಂತ ತಂತ್ರಾಂಶದಿಂದ ಟೋಕನ್ ಸಿದ್ಧಪಡಿಸಿದರೆ ಒಳಗಿನ ಫೈಲ್‌ಗಳ ಜೋಡಣೆ ಬೇರೆಯಾಗುತ್ತದೆ, ಆಗ ಓಪನ್‌ಎಸ್‌ಸಿಗೆ ಅದನ್ನು ಓದಲು ಬರುವುದಿಲ್ಲ. ಹೊಸದಾಗಿ ಸಿದ್ಧಪಡಿಸಲು ಹೋದರೆ ಒಳಗಿರುವ ಕೀ ಅಳಿಸಿಹೋಗುತ್ತದೆ. ಇದು ವಿಜ್ಞಾನದ ಮಿತಿಯಲ್ಲ, ಮಾರಾಟಗಾರರ ಆಯ್ಕೆ.

ಮುಕ್ತ ದಾರಿ ನಮ್ಮ ದೇಶಕ್ಕೆ ಹೊಸದೂ ಅಲ್ಲ. ನಮ್ಮ ಕಡೆ ಕೆಎ-66 ನಂಬರಿನ ಬೈಕ್ ಓಡಿಸುವವರು ತಮ್ಮ ಡಿಎಲ್ ಕಾರ್ಡ್ ತೆಗೆದು ನೋಡಿ. ಚಿಪ್ ಇರುವ ಡಿಎಲ್‌ಗಳಿಗಾಗಿ ಐಐಟಿ ಕಾನ್ಪುರ ಮತ್ತು ಎನ್‌ಐಸಿ ಸೇರಿ 2000ದ ದಶಕದ ಆರಂಭದಲ್ಲೇ ‘ಸ್ಕೋಸ್ಟಾ’ ಎಂಬ ಮಾನದಂಡ ರೂಪಿಸಿದವು. ಒಂದೇ ಕಂಪನಿಯ ಕಾರ್ಡ್‌ಗೆ ಇಡೀ ದೇಶ ಜೋತುಬೀಳಬಾರದು, ಯಾರು ಬೇಕಾದರೂ ಅದೇ ನಿಯಮದಂತೆ ಕಾರ್ಡ್ ತಯಾರಿಸಬಹುದು ಎಂಬುದೇ ಅದರ ಉದ್ದೇಶ. ಕಾರ್ಡ್ ವಿಷಯದಲ್ಲಿ ತೋರಿಸಿದ ಈ ಜಾಣತನವನ್ನು ಟೋಕನ್ ಬಳಸುವ ಕಂಪ್ಯೂಟರ್ ವಿಷಯದಲ್ಲೂ ತೋರಿಸಬೇಕಿತ್ತು.

‘ಲಿನಕ್ಸ್ ಬಳಸೋರು ಎಷ್ಟು ಜನ ಇದ್ದಾರೆ?’ ಎಂದು ಕೇಳುವವರಿದ್ದಾರೆ. ಈಗ ಕಡಿಮೆ, ನಿಜ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಮತ್ತು ಹೊಸ ಪ್ರೊಸೆಸರ್ ಬೇಕು. ನಮ್ಮಲ್ಲಿ ಎಷ್ಟು ಜನರ ಬಳಿ ಅಣ್ಣನೋ ಅಕ್ಕನೋ ಬಳಸಿ ಬಿಟ್ಟ ಲ್ಯಾಪ್‌ಟಾಪ್, ಇಲ್ಲವೇ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಇದೆ ಎಂದು ಯೋಚಿಸಿ. ಅಂಥ ಯಂತ್ರಗಳಿಗೆ ಲಿನಕ್ಸ್ ಹಾಕಿದರೆ ಇನ್ನೂ ಹಲವು ವರ್ಷ ಸುರಕ್ಷಿತವಾಗಿ ಓಡುತ್ತವೆ. ಕೆಲಸ ಹುಡುಕಿ ಸಾಕಾಗಿ ಊರಲ್ಲೇ ಆನ್‌ಲೈನ್ ಸೇವಾ ಕೇಂದ್ರವೋ ಲೆಕ್ಕಪತ್ರದ ಕೆಲಸವೋ ಶುರು ಮಾಡುವ ಗೆಳೆಯರಿಗೆ ಹೊಸ ಕಂಪ್ಯೂಟರ್‌ನ ಖರ್ಚು ದೊಡ್ಡದು. ಟೋಕನ್ ಓಡುವುದಿಲ್ಲ ಎಂಬ ಒಂದೇ ಕಾರಣಕ್ಕೆ ಆ ಖರ್ಚು ಅವರ ತಲೆ ಮೇಲೆ ಬೀಳಬಾರದು.

ಇನ್ನೊಂದು ಆಕ್ಷೇಪ ಭದ್ರತೆಯದು. ‘ಎಲ್ಲವನ್ನೂ ತೆರೆದಿಟ್ಟರೆ ಕಳ್ಳರಿಗೆ ಸುಲಭ ಅಲ್ಲವೇ?’ ಬೀಗ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿದ್ದರೂ ಕೀಲಿಕೈ ಇಲ್ಲದೆ ಬಾಗಿಲು ತೆಗೆಯಲಾಗುವುದಿಲ್ಲ. ಡ್ರೈವರ್‌ನ ಕೋಡ್ ಎಲ್ಲರಿಗೂ ಕಂಡರೂ ರಹಸ್ಯ ಕೀ ಚಿಪ್‌ನಲ್ಲೇ ಇರುತ್ತದೆ. ಬದಲಿಗೆ ಮುಚ್ಚಿಟ್ಟ ಕೋಡ್‌ನಿಂದ ಆದ ಅವಾಂತರಕ್ಕೆ ಎಸ್ಟೋನಿಯಾ ದೇಶ ಸಾಕ್ಷಿ. 2002ರಿಂದ ಅಲ್ಲಿನ ಜನರಿಗೆ ಚಿಪ್ ಇರುವ ಗುರುತಿನ ಚೀಟಿ ಕೊಡಲಾಗುತ್ತಿದೆ. 2017ರಲ್ಲಿ, ಚಿಪ್ ತಯಾರಕರು ಮುಚ್ಚಿಟ್ಟಿದ್ದ ಕೋಡ್‌ನಲ್ಲಿ ಕೀ ತಯಾರಿಸುವ ಭಾಗವೇ ದುರ್ಬಲವಾಗಿದೆ ಎಂಬುದನ್ನು ಝೆಕ್ ದೇಶದ ಮಸಾರಿಕ್ ವಿಶ್ವವಿದ್ಯಾಲಯದ ಸಂಶೋಧಕರು ಪತ್ತೆ ಹಚ್ಚಿದರು. ಸುಮಾರು ಏಳೂವರೆ ಲಕ್ಷ ಕಾರ್ಡ್‌ಗಳಿಗೆ ಅದರ ಬಿಸಿ ತಟ್ಟಿತು. ಅದೇ ಎಸ್ಟೋನಿಯಾದ ಸಹಿ ತಂತ್ರಾಂಶದ ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ಲಿನಕ್ಸ್‌ನಲ್ಲೂ ಓಡುತ್ತದೆ. ಮಂಡಿಯಲ್ಲಿ ಅಡಿಕೆ ತೂಗುವಾಗ ತಕ್ಕಡಿ ನಮ್ಮ ಕಣ್ಣೆದುರು ಇರಬೇಕು ಎನ್ನುತ್ತೇವೆ. ಸಹಿಯ ವಿಷಯದಲ್ಲೂ ಕೇಳಬೇಕಾದದ್ದು ಅಷ್ಟೇ.

ಒಟಿಪಿ ಮೂಲಕ ಹಾಕುವ ಆಧಾರ್ ಇ-ಸಹಿ ಬ್ರೌಸರ್‌ನಲ್ಲೇ ನಡೆಯುತ್ತದೆ, ಅದಕ್ಕೆ ಟೋಕನ್ ಡ್ರೈವರ್‌ನ ಗೋಜಿಲ್ಲ. ಅದು ಒಳ್ಳೆಯದೇ. ಆದರೆ ಟೋಕನ್ನೇ ಬೇಕು ಎನ್ನುವ ಕಡೆ ಒಟಿಪಿ ನಡೆಯುವುದಿಲ್ಲ. ಟೋಕನ್ ಬಳಸುವ ಕಡೆಯೂ ಲಿನಕ್ಸ್ ಅಸಾಧ್ಯವೇನಲ್ಲ. ಜಿಎಸ್‌ಟಿ ಪೋರ್ಟಲ್ ತನ್ನ ಸಹಿ ತಂತ್ರಾಂಶವನ್ನು ವಿಂಡೋಸ್ ಜೊತೆಗೆ ಲಿನಕ್ಸ್‌ಗೂ ಕೊಟ್ಟಿದೆ. ಒಂದು ಪೋರ್ಟಲ್‌ಗೆ ಆಗುವುದು ಉಳಿದವಕ್ಕೆ ಯಾಕೆ ಆಗಬಾರದು?

ಜನರೂ ಹೊಂದಿಕೊಳ್ಳುತ್ತಾರೆ. ಗಡಿಯಾಚೆಗಿನ ಕಾಸರಗೋಡನ್ನೇ ನೋಡಿ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ಲಿನಕ್ಸ್ ಮೇಲೆಯೇ ನಡೆಯುತ್ತದೆ. ಹಾಗಾಗಿ ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಹೈಸ್ಕೂಲ್ ಮುಗಿಸುವಷ್ಟರಲ್ಲಿ ಅದಕ್ಕೆ ಒಗ್ಗಿಕೊಂಡಿರುತ್ತಾರೆ. ಅವರಿಗೆ ಅದು ಕಷ್ಟವಲ್ಲ ಎಂದರೆ ನಮಗೂ ಅಲ್ಲ.

ನಿಯಮಗಳೂ ನಮ್ಮ ಪರವಾಗಿಯೇ ಇವೆ. ಕೇಂದ್ರ ಸರ್ಕಾರ 2010ರಲ್ಲಿ ಇ-ಆಡಳಿತಕ್ಕೆ ಮುಕ್ತ ಮಾನದಂಡಗಳ ನೀತಿ ತಂದಿತು. 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ತಂದಿತು. ಎರಡನೆಯದನ್ನು ರಾಜ್ಯಗಳು ಇಷ್ಟಪಟ್ಟರೆ ಅಳವಡಿಸಿಕೊಳ್ಳಬಹುದು. ನಮ್ಮ ರಾಜ್ಯ ಸರ್ಕಾರ ಸಹಿ ಬೇಡುವ ಯಾವುದೇ ಪೋರ್ಟಲ್‌ನ ಗುತ್ತಿಗೆಯಲ್ಲಿ ಮೂರು ಷರತ್ತು ಸೇರಿಸಿದರೆ ಸಾಕು. ಪೋರ್ಟಲ್ ಲಿನಕ್ಸ್‌ನಲ್ಲೂ ಕೆಲಸ ಮಾಡುವುದನ್ನು ಪರೀಕ್ಷಿಸಿ ತೋರಿಸಬೇಕು. ಟೋಕನ್ ಪಿಕೆಸಿಎಸ್ 11 ವಿಧಾನದಲ್ಲಿ ಯಾವ ತಂತ್ರಾಂಶಕ್ಕಾದರೂ ಸಿಗಬೇಕು. ಯಾವ ಟೋಕನ್ ಯಾವ ಸಿಸ್ಟಂನಲ್ಲಿ ಓಡುತ್ತದೆ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಪಟ್ಟಿ ಇದ್ದರೆ ಕೊಳ್ಳುವವರು ನೋಡಿ ಕೊಳ್ಳುತ್ತಾರೆ, ಮಾರುವವರೂ ತಂತಾನೇ ದಾರಿಗೆ ಬರುತ್ತಾರೆ.

ಎಂಜಿನಿಯರಿಂಗ್ ಓದುವ ಗೆಳೆಯರೇ, ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಸಿಗುತ್ತಿಲ್ಲ ಎಂದು ಗೋಳಾಡುವ ಬದಲು ಇದನ್ನು ಎತ್ತಿಕೊಳ್ಳಬಹುದು. ನಾಲ್ಕು ಬಗೆಯ ಟೋಕನ್ ತಂದು ಲಿನಕ್ಸ್‌ನಲ್ಲಿ ಪರೀಕ್ಷಿಸಿ, ಓಡಿದ್ದು ಯಾವುದು, ನಿಂತಿದ್ದು ಎಲ್ಲಿ ಎಂದು ಬರೆದು ಓಪನ್‌ಎಸ್‌ಸಿ ತಂಡಕ್ಕೆ ಕಳಿಸಿದರೆ ಅದೇ ದೊಡ್ಡ ಕೊಡುಗೆ. ಡ್ರೈವರ್ ಅಭಿವೃದ್ಧಿ, ಸ್ಮಾರ್ಟ್ ಕಾರ್ಡ್, ಸೈಬರ್ ಭದ್ರತೆ ಎಲ್ಲವೂ ಇದರಲ್ಲಿವೆ. ರೆಸ್ಯೂಮೆಯಲ್ಲಿ ‘ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂ’ ಎಂದು ಬರೆಯುವುದಕ್ಕಿಂತ ಇದಕ್ಕೆ ತೂಕ ಹೆಚ್ಚು. ಹಾಗೆಯೇ ಮನೆಯಲ್ಲಿ ಯಾರ ಬಳಿಯಾದರೂ ಡಿಎಸ್‌ಸಿ ಟೋಕನ್ ಇದ್ದರೆ ಅದು ಈಗ ಎಲ್ಲಿದೆ ಎಂದು ಇವತ್ತೇ ಕೇಳಿ. ಇನ್ನೊಬ್ಬರ ಡ್ರಾಯರ್‌ನಲ್ಲಿದ್ದರೆ ವಾಪಸ್ ತರಿಸಿ, ಪಿನ್ ಬದಲಾಯಿಸಿಕೊಡಿ.