ಬಜರ್ ಹೊಡೆದ ಮೇಲೆ ಏನು?

ಫೈನಲ್ ಇಯರ್ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋದರೆ ಕನಿಷ್ಠ ಎರಡು ಮೂರು ಟೇಬಲ್ ಮೇಲೆ ಒಂದೇ ಜಾತಿಯ ಪ್ರಾಜೆಕ್ಟ್ ಇರುತ್ತೆ. ಭೂಕುಸಿತದ ಮುನ್ನೆಚ್ಚರಿಕೆ, ಪ್ರವಾಹದ ಮುನ್ನೆಚ್ಚರಿಕೆ, ಗ್ಯಾಸ್ ಲೀಕ್ ಮುನ್ನೆಚ್ಚರಿಕೆ. ಒಂದು ಸೆನ್ಸರ್, ಒಂದು ಮೈಕ್ರೋಕಂಟ್ರೋಲರ್, ಒಂದು ಜಿಎಸ್‌ಎಂ ಮಾಡ್ಯೂಲ್, ಕೊನೆಗೊಂದು ಬಜರ್. ಬ್ಲಾಕ್ ಡಯಾಗ್ರಾಮ್‌ನ ಕೊನೆಯ ಡಬ್ಬದಲ್ಲಿ 'ಅಲರ್ಟ್' ಅಂತ ಬರೆದು ಬಾಣ ನಿಲ್ಲಿಸಿಬಿಡ್ತೀವಿ. ವೈವಾದಲ್ಲಿ ಸೆನ್ಸರ್ ರೇಂಜ್ ಕೇಳ್ತಾರೆ, ಬಾಡ್ ರೇಟ್ ಕೇಳ್ತಾರೆ. ಬಜರ್ ಹೊಡೆದ ಮೇಲೆ ಯಾರು, ಎಲ್ಲಿಗೆ, ಎಷ್ಟು ಹೊತ್ತಿನಲ್ಲಿ ಹೋಗಬೇಕು ಅಂತ ಕೇಳುವವರು ಅಪರೂಪ.

ನನ್ನ ಪ್ರಕಾರ ಇಡೀ ಪ್ರಾಜೆಕ್ಟಿನಲ್ಲಿ ಅತಿ ಕಷ್ಟದ್ದು ಆ ಕೊನೆಯ ಡಬ್ಬವೇ. ಅದು ಸರ್ಕಾರದವರ ಕೆಲಸ, ನಮ್ಮದಲ್ಲ ಅಂತ ನಾವು ಕೈತೊಳೆದುಕೊಂಡಿದ್ದೀವಿ. ಹಾಗೆ ಕೈತೊಳೆದುಕೊಂಡರೆ ಏನಾಗುತ್ತೆ ಅನ್ನೋದಕ್ಕೆ ಕೊಲಂಬಿಯಾದ ಒಂದು ಜ್ವಾಲಾಮುಖಿಯ ಕತೆ ಹೇಳಬೇಕು. ಜ್ವಾಲಾಮುಖಿ ಅಂದ್ರೆ ನಮಗೆ ದೂರದ ಮಾತು, ನಿಜ. ನಮ್ಮ ಪಾಲಿಗೆ ಉಳಿದಿರೋದು ಕಲಬುರಗಿ, ವಿಜಯಪುರದ ಕಡೆಯ ಕಪ್ಪು ಮಣ್ಣು ಮಾತ್ರ. ಅದರ ಕೆಳಗಿನ ಲಾವಾ ತಣ್ಣಗಾಗಿ ಆರೂವರೆ ಕೋಟಿ ವರ್ಷ ಆಯ್ತು. ಆದರೆ ಈ ಕತೆ ಲಾವಾದ್ದಲ್ಲ, ಎಚ್ಚರಿಕೆಯದ್ದು.

ಬೆಟ್ಟದ ಹೆಸರು ನೆವಾಡೊ ದೆಲ್ ರುಯಿಸ್. ಎತ್ತರ 5,300 ಮೀಟರಿಗೂ ಹೆಚ್ಚು. ಭೂಮಧ್ಯರೇಖೆಗೆ ಹತ್ತಿರವಿದ್ದರೂ ಅಷ್ಟು ಎತ್ತರದಲ್ಲಿರೋದರಿಂದ ತಲೆ ಮೇಲೆ ಹಿಮದ ಟೋಪಿ ಇದೆ. ಅಪಾಯ ಇರೋದೇ ಅಲ್ಲಿ. ಬಿಸಿ ಬೂದಿ, ಕಲ್ಲು, ಅನಿಲ ಸೇರಿ ಹಿಮದ ಮೇಲೆ ಹರಿದರೆ ಹಿಮ ಕರಗುತ್ತೆ. ಆ ನೀರು ಇಳಿಜಾರಿನ ಮಣ್ಣು, ಬಂಡೆ, ಮರ ಎಲ್ಲವನ್ನೂ ಎಳೆದುಕೊಂಡು ಒದ್ದೆ ಕಾಂಕ್ರೀಟಿನ ಹಾಗೆ ಕಣಿವೆಯಲ್ಲಿ ನುಗ್ಗುತ್ತೆ. ಇದಕ್ಕೆ ಲಾಹಾರ್ ಅಂತಾರೆ. ಲಾವಾ ನಿಧಾನ, ಎಷ್ಟೋ ಸಲ ಅದರಿಂದ ನಡೆದೇ ತಪ್ಪಿಸಿಕೊಳ್ಳಬಹುದು. ಲಾಹಾರ್ ಹಾಗಲ್ಲ.

ಈ ಬೆಟ್ಟ ಏನು ಮಾಡಬಲ್ಲದು ಅನ್ನೋದು ಗುಟ್ಟೇನೂ ಆಗಿರಲಿಲ್ಲ. 1595ರಲ್ಲಿ ಸಿಡಿದಾಗ ಬಂದ ಕೆಸರಿನಲ್ಲಿ 600ಕ್ಕೂ ಹೆಚ್ಚು ಜನ ಸತ್ತರು. 1845ರ ಕೆಸರಿಗೆ ಸುಮಾರು ಸಾವಿರ ಜನ ಬಲಿಯಾದರು. ಆ ಕೆಸರು ಒಣಗಿ ಒಳ್ಳೆ ಫಲವತ್ತಾದ ಬಯಲಾಯ್ತು. ಅದರ ಮೇಲೇ ಅರ್ಮೆರೊ ಅನ್ನೋ ಊರು ಬೆಳೆಯಿತು. ಸುತ್ತ ಹತ್ತಿ ಬೆಳೆ, ಹಾಗಾಗಿ ಅದಕ್ಕೆ 'ಬಿಳಿ ಊರು' ಅಂತಲೇ ಹೆಸರು. 1985ರ ಹೊತ್ತಿಗೆ ಜನಸಂಖ್ಯೆ ಸುಮಾರು 29 ಸಾವಿರ.

1984ರ ನವೆಂಬರಿನಲ್ಲಿ ಬೆಟ್ಟ ಅಲುಗಾಡಲು ಶುರುವಾಯಿತು. ಸಣ್ಣ ಸಣ್ಣ ಭೂಕಂಪ, ಬಾಯಿಂದ ಹೆಚ್ಚು ಹಬೆ. 1985ರ ಸೆಪ್ಟೆಂಬರ್ 11ರಂದು ಹಬೆಯ ಸ್ಫೋಟವಾಗಿ ಒಂದು ಲಾಹಾರ್ 27 ಕಿ.ಮೀ. ಹರಿಯಿತು. ಒಂದು ರೀತಿ ಬೆಟ್ಟವೇ ಡೆಮೊ ಕೊಟ್ಟ ಹಾಗೆ. ಅಕ್ಟೋಬರ್ 7ಕ್ಕೆ ವಿಜ್ಞಾನಿಗಳು ಅಪಾಯದ ನಕ್ಷೆ ಹೊರತಂದರು. ಅರ್ಮೆರೊ ಕೆಸರಿನ ದಾರಿಯಲ್ಲೇ ಇದೆ ಅಂತ ಆ ನಕ್ಷೆಯಲ್ಲಿ ಸ್ಪಷ್ಟವಾಗಿತ್ತು. ಸುಮ್ಮನೆ ಜನರಲ್ಲಿ ಗಾಬರಿ ಹುಟ್ಟಿಸ್ತಿದ್ದೀರಿ ಅನ್ನೋ ಟೀಕೆ ಬಂತು.

ನವೆಂಬರ್ 13. ಮಧ್ಯಾಹ್ನ ಮೂರರ ಸುಮಾರಿಗೆ ಸ್ಫೋಟ ಶುರು. ಸಂಜೆಗೆ ಅರ್ಮೆರೊ ಮೇಲೆ ಬೂದಿ ಉದುರಿತು. ಊರು ಖಾಲಿ ಮಾಡಿಸುವ ಮಾತೂ ಬಂತು, ಆದರೆ ಬೂದಿ ನಿಂತಿತು ಅಂತ ಅದನ್ನು ಅಲ್ಲಿಗೇ ಬಿಟ್ಟರು. ಮನೆಯಲ್ಲೇ ಇರಿ, ಶಾಂತವಾಗಿರಿ ಅಂತ ರೇಡಿಯೊದಲ್ಲಿ ಹೇಳಿದರು. ಜೋರು ಮಳೆ, ಕರೆಂಟ್ ಹೋಗಿ ಬರ್ತಿತ್ತು. ರಾತ್ರಿ 9 ಗಂಟೆ ದಾಟಿದ ಮೇಲೆ ಮುಖ್ಯ ಸ್ಫೋಟ. ರಾತ್ರಿ ಸುಮಾರು ಹನ್ನೊಂದೂವರೆಗೆ ಕೆಸರು ಊರು ಮುಟ್ಟಿತು. ಅರ್ಮೆರೊದಲ್ಲೇ 20 ಸಾವಿರಕ್ಕೂ ಹೆಚ್ಚು, ಬೇರೆ ಕಣಿವೆಗಳದ್ದೂ ಸೇರಿ ಸುಮಾರು 23 ಸಾವಿರ ಜನ ಸತ್ತರು.

ಲೆಕ್ಕ ಹಾಕಿ ನೋಡಿ. ಸ್ಫೋಟಕ್ಕೂ ಕೆಸರು ಬರೋದಕ್ಕೂ ನಡುವೆ ಎರಡು ಗಂಟೆಗೂ ಹೆಚ್ಚು ಸಮಯ ಇತ್ತು. ಕೆಸರು ಕಣಿವೆಯಲ್ಲಿ 70 ಕಿ.ಮೀ.ಗೂ ಹೆಚ್ಚು ದೂರ ಹರಿದು ಬರಬೇಕಿತ್ತು. ಎತ್ತರದ ಜಾಗ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು. ಬೆಟ್ಟದ ಮೇಲಿನ ಉಪಕರಣ ಸಾಲದಾಗಿತ್ತು, ಒಪ್ಪೋಣ. ಆದರೆ ನಕ್ಷೆ ಇತ್ತು, ಇತಿಹಾಸ ಇತ್ತು, ಸೆಪ್ಟೆಂಬರಿನ ಡೆಮೊ ಇತ್ತು, ಅಂದು ಮಧ್ಯಾಹ್ನದಿಂದ ಕಣ್ಣೆದುರೇ ಬೂದಿ ಇತ್ತು. ಸ್ಫೋಟವೂ ಅಷ್ಟು ದೊಡ್ಡದಲ್ಲ, ಸ್ಫೋಟದ ಅಳತೆಪಟ್ಟಿಯಲ್ಲಿ ಬರೀ 3. ಭೂವಿಜ್ಞಾನಿ ಬ್ಯಾರಿ ವೊಯ್ಟ್ 1990ರಲ್ಲಿ ಈ ದುರಂತವನ್ನು ವಿವರವಾಗಿ ಅಧ್ಯಯನ ಮಾಡಿ, ಕಾರಣ ತಂತ್ರಜ್ಞಾನದ ಸೋಲಲ್ಲ, ಒಂದರ ಮೇಲೊಂದು ಸೇರಿದ ಮನುಷ್ಯರ ತಪ್ಪು ನಿರ್ಧಾರಗಳು ಅಂತ ಬರೆದರು.

ಈಗ ಇನ್ನೊಂದು ಬೆಟ್ಟ ನೋಡಿ. ಫಿಲಿಪೀನ್ಸ್‌ನ ಪಿನಾಟುಬೊ. ಸುಮಾರು 500 ವರ್ಷ ಮಲಗಿದ್ದು 1991ರ ಏಪ್ರಿಲ್‌ನಲ್ಲಿ ಎದ್ದಿತು. ಅರ್ಮೆರೊ ದುರಂತದ ನಂತರ ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆ ಇಂಥ ಕಡೆಗೆ ತಕ್ಷಣ ಹೊರಡುವ ಒಂದು ತಂಡ ಕಟ್ಟಿತ್ತು. ಆ ತಂಡ ಅಲ್ಲಿನ ಜ್ವಾಲಾಮುಖಿ ಸಂಸ್ಥೆಯವರ ಜೊತೆ ಸೇರಿ ಸೀಸ್ಮೋಮೀಟರ್ ನೆಟ್ಟಿತು, ಗಂಧಕದ ಡೈಆಕ್ಸೈಡ್ ಅಳೆಯಿತು. ಆ ಅನಿಲ ಏರಿದರೆ ಶಿಲಾಪಾಕ ಮೇಲೆ ಬರ್ತಿದೆ ಅಂತ ಅರ್ಥ. ಇದಿಷ್ಟು ನಮ್ಮ ಸಿಲಬಸ್ಸಿಗೆ ಹತ್ತಿರದ ಕೆಲಸ.

ಇನ್ನೊಂದು ಅರ್ಧ ಕೆಲಸ ನಮ್ಮ ಸಿಲಬಸ್ಸಿನಲ್ಲಿ ಇಲ್ಲದ್ದು. ಅವರು ಗ್ರಾಫುಗಳನ್ನು ಅಧಿಕಾರಿಗಳ ಮುಂದೆ ಹರಡಿ ಸುಮ್ಮನೆ ಕೂರಲಿಲ್ಲ. 1ರಿಂದ 5ರವರೆಗೆ ಸರಳ ಎಚ್ಚರಿಕೆ ಮಟ್ಟ ಮಾಡಿದರು. ಪ್ರತಿ ಮಟ್ಟಕ್ಕೂ ಎಷ್ಟು ಸಮಯದೊಳಗೆ ಸ್ಫೋಟ ಆಗಬಹುದು ಅನ್ನೋದನ್ನು ಜೋಡಿಸಿದರು. ಮೋರಿಸ್ ಕ್ರಾಫ್ಟ್ ಎಂಬ ಫ್ರೆಂಚ್ ಜ್ವಾಲಾಮುಖಿ ತಜ್ಞರು ತೆಗೆದ ವಿಡಿಯೊವನ್ನು ಅಧಿಕಾರಿಗಳಿಗೆ, ಊರವರಿಗೆ ತೋರಿಸಿದರು. ಲಾಹಾರ್ ಅಂದ್ರೆ ಏನು ಅಂತ ಬಾಯಲ್ಲಿ ಹೇಳೋದಕ್ಕೂ ಅದು ಮನೆಗಳನ್ನು ಹೊತ್ತೊಯ್ಯೋದನ್ನು ಕಣ್ಣಲ್ಲಿ ನೋಡೋದಕ್ಕೂ ವ್ಯತ್ಯಾಸ ಇದೆಯಲ್ವಾ? ಅದೇ ಜೂನ್ 3ರಂದು ಕ್ರಾಫ್ಟ್ ಮತ್ತು ಅವರ ಪತ್ನಿ ಕಾತ್ಯಾ ಜಪಾನಿನ ಉನ್‌ಜೆನ್ ಜ್ವಾಲಾಮುಖಿಯಲ್ಲಿ ತೀರಿಕೊಂಡರು.

ಜೂನ್ 9ಕ್ಕೆ ಮಟ್ಟ 5. ಹತ್ತು ಸಾವಿರಗಟ್ಟಲೆ ಜನರನ್ನು ಸ್ಥಳಾಂತರಿಸಿದರು. ಜೂನ್ 15ರಂದು ಇಪ್ಪತ್ತನೇ ಶತಮಾನದ ಎರಡನೇ ಅತಿ ದೊಡ್ಡ ಸ್ಫೋಟ, ಅಳತೆಪಟ್ಟಿಯಲ್ಲಿ 6. ಅದೇ ದಿನ ಚಂಡಮಾರುತವೂ ಬಂದು, ನೆನೆದ ಬೂದಿಯ ಭಾರಕ್ಕೆ ಚಾವಣಿ ಕುಸಿದು ನೂರಾರು ಜನ ಸತ್ತರು. ಶಿಬಿರಗಳಲ್ಲಿ ದಡಾರ ಹರಡಿ ಬೆಟ್ಟದ ಆದಿವಾಸಿ ಆಯ್ಟಾ ಜನರ ಮಕ್ಕಳು ಬಲಿಯಾದರು. ಅಂದ್ರೆ ಅದೂ ಪೂರ್ತಿ ಗೆದ್ದ ಕತೆಯಲ್ಲ. ಆದರೂ ಕನಿಷ್ಠ 5,000 ಜೀವ ಉಳಿದವು ಅಂತ ಅಂದಾಜು. ಸಣ್ಣ ಸ್ಫೋಟಕ್ಕೆ 23 ಸಾವಿರ ಜನ, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಸ್ಫೋಟಕ್ಕೆ ನೂರಾರು ಜನ. ಈ ವ್ಯತ್ಯಾಸವನ್ನು ಬರೀ ಸೆನ್ಸರ್‌ನ ಕ್ವಾಲಿಟಿಯಿಂದ ವಿವರಿಸೋಕೆ ಆಗಲ್ಲ.

'ಹಾಗಾದ್ರೆ ಸ್ವಲ್ಪ ಅನುಮಾನ ಬಂದ ತಕ್ಷಣ ಎಲ್ಲರನ್ನೂ ಎಬ್ಬಿಸಿ ಓಡಿಸೋದಾ?' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 1976ರಲ್ಲಿ ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ 70 ಸಾವಿರಕ್ಕೂ ಹೆಚ್ಚು ಜನರನ್ನು ತಿಂಗಳುಗಟ್ಟಲೆ ಮನೆ ಬಿಡಿಸಿದರು. ದೊಡ್ಡ ಸ್ಫೋಟ ಬರಲೇ ಇಲ್ಲ. ರುಯಿಸ್ ಬೆಟ್ಟದಲ್ಲೇ 2023ರ ಮಾರ್ಚ್ ಕೊನೆಯಲ್ಲಿ ಭೂಕಂಪಗಳು ವಿಪರೀತ ಏರಿ ಎಚ್ಚರಿಕೆಯನ್ನು ಹಳದಿಯಿಂದ ಕಿತ್ತಳೆಗೆ ಏರಿಸಿದರು. ಬೆಟ್ಟಕ್ಕೆ ಹತ್ತಿರದ ಸುಮಾರು 2,500 ಕುಟುಂಬಗಳನ್ನು ಸ್ಥಳಾಂತರಿಸಿ ಅಂತ ಸರ್ಕಾರ ಹೇಳಿತು. ಅನೇಕ ರೈತರು ಹೊರಡಲಿಲ್ಲ. ಹಸುಗಳನ್ನು ಬಿಟ್ಟು ಎಲ್ಲಿಗೆ ಹೋಗೋದು? ಹಾಲು ಕರೆಯೋರು ಯಾರು? ಜೂನ್ ಕೊನೆಗೆ ಬೆಟ್ಟ ತಣ್ಣಗಾಗಿ ಎಚ್ಚರಿಕೆ ಮತ್ತೆ ಹಳದಿಗೆ ಇಳಿಯಿತು.

ನಾವು ಇದನ್ನು ಮಷೀನ್ ಲರ್ನಿಂಗ್ ಕ್ಲಾಸಿನಲ್ಲಿ ಫಾಲ್ಸ್ ಪಾಸಿಟಿವ್, ಫಾಲ್ಸ್ ನೆಗೆಟಿವ್ ಅಂತ ಓದ್ತೀವಿ. ಥ್ರೆಶೋಲ್ಡ್ 0.5 ಇಡ್ಲಾ 0.7 ಇಡ್ಲಾ ಅಂತ ಗ್ರಾಫ್ ನೋಡಿ ತೀರ್ಮಾನ ಮಾಡ್ತೀವಿ. ಆದರೆ ರುಯಿಸ್ ತಪ್ಪಲಿನಲ್ಲಿ ಒಂದು ಫಾಲ್ಸ್ ಪಾಸಿಟಿವ್ ಅಂದ್ರೆ ಒಬ್ಬ ರೈತನ ಮೂರು ತಿಂಗಳ ಸಂಪಾದನೆ. ಒಂದು ಫಾಲ್ಸ್ ನೆಗೆಟಿವ್ ಅಂದ್ರೆ ಅರ್ಮೆರೊ. ಆ ನಂಬರನ್ನು ಲ್ಯಾಪ್‌ಟಾಪ್ ಮುಂದೆ ಕೂತು ಒಬ್ಬರೇ ನಿರ್ಧರಿಸೋ ಹಕ್ಕು ನಮಗಿಲ್ಲ. ದನಕರುಗಳಿಗೆ ವ್ಯವಸ್ಥೆ, ಬೆಳೆಗೆ ಪರಿಹಾರ ಮೊದಲೇ ಗೊತ್ತಿದ್ದರೆ ರೈತ ಬೇಗ ಹೊರಡ್ತಾನೆ. ಹೊರಡೋದು ಸುಲಭವಾದಷ್ಟೂ ಥ್ರೆಶೋಲ್ಡನ್ನು ಕೆಳಗೆ ಇಡೋ ಧೈರ್ಯ ನಮಗೂ ಬರುತ್ತೆ. ಪರಿಹಾರದ ನಿಯಮ ಕೂಡ ಡಿಸೈನಿನ ಭಾಗವೇ ಅಂತ ನಾನು ವಾದಿಸೋದು ಇದಕ್ಕೇ.

ಅಮೆರಿಕದ ರೈನಿಯರ್ ಬೆಟ್ಟದ ಕೆಳಗೆ ಓರ್ಟಿಂಗ್ ಅನ್ನೋ ಊರಿದೆ. ಅದೂ ಹಳೆ ಲಾಹಾರ್ ಮೇಲೆ ಕಟ್ಟಿದ ಊರು. ಕಣಿವೆಯಲ್ಲಿ ಕೆಸರು ಇಳಿದರೆ ನೆಲದ ಕಂಪನದಿಂದ ಗುರುತಿಸುವ ಸೆನ್ಸರ್‌ಗಳನ್ನು ಹಾಕಿದ್ದಾರೆ. ಜೊತೆಗೆ ಅಲ್ಲಿನ ಶಾಲಾ ಮಕ್ಕಳು ಎತ್ತರದ ಜಾಗಕ್ಕೆ ನಡೆದು ಹೋಗೋ ಡ್ರಿಲ್ ಮಾಡ್ತಾರೆ. ಸೆನ್ಸರ್ ಎಷ್ಟು ನಿಮಿಷ ಮೊದಲು ಹೇಳಬೇಕು ಅನ್ನೋದಕ್ಕೆ ಆ ಮಕ್ಕಳ ನಡಿಗೆಯ ವೇಗವೇ ಸ್ಪೆಸಿಫಿಕೇಶನ್.

ನಮ್ಮ ವಿಷಯಕ್ಕೆ ಬರೋಣ. 2023ರ ಅಕ್ಟೋಬರಿನಲ್ಲಿ ನಮ್ಮ ಫೋನುಗಳೆಲ್ಲ ಒಟ್ಟಿಗೆ ಕಿರುಚಿದ್ದು ನೆನಪಿದೆಯಾ? ತುರ್ತು ಸಂದೇಶದ ಪರೀಕ್ಷೆ ಅದು. ತಾಂತ್ರಿಕವಾಗಿ ಒಳ್ಳೆ ಕೆಲಸ. ಆದರೆ ನಿಜವಾಗಿ ಅಂಥ ಸದ್ದು ಬಂದ ದಿನ ಹಾಸ್ಟೆಲಿನಿಂದ ಯಾವ ಕಡೆ ಓಡಬೇಕು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಹಾಗಾಗಿ ಈ ವರ್ಷ ಮುನ್ನೆಚ್ಚರಿಕೆಯ ಪ್ರಾಜೆಕ್ಟ್ ಮಾಡೋರಿಗೆ ನನ್ನದೊಂದು ಸಲಹೆ. ಬ್ಲಾಕ್ ಡಯಾಗ್ರಾಮ್‌ನಲ್ಲಿ 'ಅಲರ್ಟ್' ಆದ ಮೇಲೆ ಇನ್ನೂ ಮೂರು ಡಬ್ಬ ಬರೆಯಿರಿ. ಸಂದೇಶ ಯಾರಿಗೆ ಹೋಗುತ್ತೆ? ಅದರಲ್ಲಿ ಯಾವ ಮಾತು ಇರುತ್ತೆ? ಅದನ್ನು ಓದಿದವರು ಎಲ್ಲಿಗೆ ಹೋಗ್ತಾರೆ? ಎರಡನೇ ಡಬ್ಬಕ್ಕೆ ನಮ್ಮ ಕನ್ನಡ ಸಂಘದ ಸಹಾಯ ಕೇಳಿ. 'ಥ್ರೆಶೋಲ್ಡ್ ಎಕ್ಸೀಡೆಡ್' ಅಂತ ಎಸ್‌ಎಂಎಸ್ ಬಂದರೆ ಹೊಳೆ ದಂಡೆಯ ಅಜ್ಜಿ ಏನು ಮಾಡಬೇಕು? 'ನೀರು ಬರ್ತಿದೆ, ಅರ್ಧ ಗಂಟೆಯೊಳಗೆ ಶಾಲೆಯ ದಿಬ್ಬ ಹತ್ತಿ' ಅಂತ ಬರೆಯೋಕೆ ಎಷ್ಟು ಹೊತ್ತು ಬೇಕು? ಬರೆದ ಮೇಲೆ ಆ ಊರಿಗೆ ಒಮ್ಮೆ ಹೋಗಿ ನಾಲ್ಕು ಜನಕ್ಕೆ ಓದಿ ಹೇಳಿ, ಅರ್ಥ ಆಯ್ತಾ ಕೇಳಿ. ಆ ಉತ್ತರವನ್ನು ರಿಪೋರ್ಟಿನ ರಿಸಲ್ಟ್ ಅಧ್ಯಾಯಕ್ಕೆ ಹಾಕಿ.

ಗೈಡ್‌ಗಳಿಗೂ ಒಂದು ಮನವಿ. ವೈವಾದಲ್ಲಿ ಬಾಡ್ ರೇಟ್ ಕೇಳಿದ ಮೇಲೆ, ದಯವಿಟ್ಟು ಇದನ್ನೂ ಒಂದು ಸಲ ಕೇಳಿ, ಸಾರ್.